ವಿಷ ಕಳೆಯುವ ಕೈ, ಮೆನು ಬರೆಯುವ ಕೈ

2025ರ ಆಗಸ್ಟ್‌ನಲ್ಲಿ ಒಂದು ಟೆಂಡರ್ ಕಾಗದ ಬ್ರೆಜಿಲ್‌ನ ಬೆಲೆಂ ಊರಿನವರ ಸಿಟ್ಟನ್ನು ನೆತ್ತಿಗೇರಿಸಿತು.

ನವೆಂಬರ್‌ನಲ್ಲಿ ಅಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ, ಕಾಪ್30, ನಡೆಯುವುದಿತ್ತು. ಅಮೆಜಾನ್ ನದಿ ಕಡಲು ಸೇರುವ ಕಡೆ ಇರುವ ಊರು ಅದು. ಕಾಡಿನ ಬಗ್ಗೆ ಮಾತಾಡುವವರು ಕಾಡಿನ ಬಾಗಿಲಿಗೇ ಬರಲಿ ಅಂತ ಸರ್ಕಾರ ಬೇಕೆಂದೇ ಆ ಜಾಗ ಆರಿಸಿತ್ತು. ಬಂದವರಿಗೆ ಊಟ ಹಾಕುವ ಗುತ್ತಿಗೆಗೆ ಸ್ಪೇನ್, ಪೋರ್ಚುಗಲ್, ಲ್ಯಾಟಿನ್ ಅಮೆರಿಕದ ದೇಶಗಳು ಸೇರಿ ಕಟ್ಟಿಕೊಂಡ ಐಬೆರೊ-ಅಮೆರಿಕನ್ ದೇಶಗಳ ಸಂಘಟನೆ ಟೆಂಡರ್ ಕರೆಯಿತು. ಸೋಂಕಿನ ಅಪಾಯ ಇದೆ, ಬಡಿಸಬೇಡಿ ಅಂತ ಅದರಲ್ಲೊಂದು ಪಟ್ಟಿ. ಆ ಪಟ್ಟಿಯಲ್ಲಿ ಊರವರ ಅಚ್ಚುಮೆಚ್ಚಿನ ತಿನಿಸುಗಳಾದ ಅಸಾಯಿ, ಟುಕುಪಿ, ಮನಿಸೊಬ ಮೂರೂ ಸೇರಿದ್ದವು.

ಬೆಲೆಂನವರಿಗೆ ಅದು ಹೇಗೆ ಕೇಳಿಸಿರಬೇಡ! ಮಂಗಳೂರಲ್ಲಿ ಸಮ್ಮೇಳನ ಇಟ್ಟು, ಕುಚ್ಚಲಕ್ಕಿ ಗಂಜಿ, ಬಂಗುಡೆ, ಪತ್ರೊಡೆ ಮೂರೂ ಬೇಡ ಅಂದ ಹಾಗೆ. ಈ ಊರಿಗೆ 2015ರಲ್ಲಿ ಯುನೆಸ್ಕೊ 'ಅಡುಗೆಯ ಸೃಜನಶೀಲ ನಗರ' ಅಂತ ಪಟ್ಟ ಬೇರೆ ಕೊಟ್ಟಿತ್ತು. ಬೆಲೆಂ ಇರುವ ಪಾರಾ ರಾಜ್ಯದ ಹೆಸರಾಂತ ಅಡುಗೆಯವರಾದ ಸೌಲೊ ಜೆನಿಂಗ್ಸ್ ಬಹಿರಂಗವಾಗಿಯೇ ತಕರಾರು ಎತ್ತಿದರು. ಗಲಾಟೆ ಜೋರಾಯಿತು. ಕೆಲವೇ ದಿನಗಳಲ್ಲಿ ಟೆಂಡರ್ ತಿದ್ದುಪಡಿಯಾಯಿತು, ಮೂರೂ ತಿನಿಸು ವಾಪಸ್ ಬಂದವು.

ಕಥೆ ಅಲ್ಲಿಗೆ ಮುಗಿಯಿತು ಅಂತ ಸುದ್ದಿ ಬರೆದವರು ಮುಂದೆ ಹೋದರು. ನನಗೆ ಮಾತ್ರ ಅದು ಅಷ್ಟಕ್ಕೇ ಮುಗಿಯುವ ಸಂಗತಿ ಅನ್ನಿಸಲಿಲ್ಲ. ಕಾಡಿನವರ ಊಟ ಈಗ ಪ್ರವಾಸದ ಸರಕು. ಪೆರು, ಎಕ್ವಡಾರ್, ಬ್ರೆಜಿಲ್ ಎಲ್ಲೇ ಹೋಗಿ, 'ಮೂಲನಿವಾಸಿಗಳ ಅಡುಗೆಯ ಅನುಭವ' ಅಂತ ಪ್ಯಾಕೇಜ್ ಸಿಗುತ್ತದೆ. ಇದರಲ್ಲಿ ವಿಷ ಯಾವುದು, ಊಟ ಯಾವುದು ಅಂತ ಹೇಳುವವರು ಯಾರು? ಆ ಟೆಂಡರ್ ಎತ್ತಿದ ಪ್ರಶ್ನೆ ಅದು.

ಮೊದಲು ಟುಕುಪಿ ಅಂದರೆ ಏನು ಅಂತ ನೋಡೋಣ. ಅದು ಮರಗೆಣಸಿನ ರಸ. ನಮ್ಮ ಸಬ್ಬಕ್ಕಿ ಆಗುವುದು ಇದೇ ಗೆಡ್ಡೆಯ ಹಿಟ್ಟಿನಿಂದ. ಏಕಾದಶಿಗೆ ಸಾಬುದಾನಿ ಕಿಚಡಿ ತಿನ್ನುವವರು, ಬೇಸಿಗೆಯಲ್ಲಿ ಸಬ್ಬಕ್ಕಿ ಸಂಡಿಗೆ ಇಡುವವರು ಎಲ್ಲರೂ ಅಮೆಜಾನಿನ ಮೂಲನಿವಾಸಿಗಳಿಗೆ ಒಂದು ಲೆಕ್ಕದಲ್ಲಿ ಸಾಲಗಾರರೇ. ಮರಗೆಣಸನ್ನು ಸಾವಿರಾರು ವರ್ಷಗಳ ಹಿಂದೆ ಬೆಳೆಯಾಗಿ ಪಳಗಿಸಿದವರು ಅವರು. ಟ್ಯಾಪಿಯೋಕ ಅನ್ನುವ ಹೆಸರೂ ಅಲ್ಲಿನ ಟುಪಿ ಭಾಷೆಯದು.

ಮರಗೆಣಸಿನಲ್ಲಿ ಸಿಹಿ ಜಾತಿ ಇದೆ, ಕಹಿ ಜಾತಿ ಇದೆ. ಸಿಹಿಯದ್ದನ್ನು ಸಿಪ್ಪೆ ತೆಗೆದು ಬೇಯಿಸಿ ತಿಂದರೆ ಆಯಿತು. ಕಹಿಯದ್ದನ್ನು ಹಾಗೆ ತಿಂದರೆ ಪ್ರಾಣಕ್ಕೇ ಕುತ್ತು. ಗೆಡ್ಡೆಯ ಜೀವಕೋಶ ಒಡೆದ ಕೂಡಲೇ ಸಯನೈಡ್ ಹೊರಬರುತ್ತದೆ. ಹಾಗಿದ್ದರೆ ಕಹಿಯದ್ದನ್ನು ಯಾಕೆ ಬೆಳೆಯಬೇಕು? ಕಾಡುಹಂದಿ, ಹುಳ, ಇರುವೆ ಅದರ ತಂಟೆಗೆ ಅಷ್ಟಾಗಿ ಬರುವುದಿಲ್ಲ, ಅದಕ್ಕೆ. ಸತ್ವ ಇಲ್ಲದ ಹುಳಿ ಮಣ್ಣಲ್ಲೂ ಅದು ಬರುತ್ತದೆ. ಕಿತ್ತು ಕಣಜ ತುಂಬಬೇಕು ಅಂತಲೂ ಇಲ್ಲ. ತಿಂಗಳುಗಟ್ಟಲೆ ನೆಲದಲ್ಲೇ ಬಿಟ್ಟು, ಬೇಕಾದಾಗ ಅಗೆದುಕೊಳ್ಳಬಹುದು. ವಿಷವೇ ಅದರ ಬೇಲಿ.

ಆ ವಿಷ ಕಳೆಯುವ ಕೆಲಸ ನೋಡಿ. ಗೆಡ್ಡೆಯನ್ನು ಸಿಪ್ಪೆ ತೆಗೆದು ತುರಿಯುತ್ತಾರೆ. ತುರಿಯನ್ನು ಟಿಪಿಟಿಗೆ ತುಂಬುತ್ತಾರೆ. ಟಿಪಿಟಿ ಅಂದರೆ ಕಾಡಿನ ನಾರಿನಿಂದ ಹೆಣೆದ ಉದ್ದನೆಯ ಚೀಲ, ನೋಡಲಿಕ್ಕೆ ಥೇಟ್ ಹೆಬ್ಬಾವಿನ ಹಾಗೆ. ತಲೆಯ ಕಡೆ ತೊಲೆಗೆ ನೇತುಹಾಕಿ, ಬಾಲದ ಕಡೆ ಒಂದು ಕೋಲು ತೂರಿಸಿ, ಕೋಲಿನ ಮೇಲೆ ಹೆಂಗಸೊಬ್ಬಳು ಕೂತು ಭಾರ ಬಿಡುತ್ತಾಳೆ. ಚೀಲ ಉದ್ದಕ್ಕೆ ಎಳೆದುಕೊಂಡಷ್ಟೂ ಒಳಗೆ ಬಿಗಿಯಾಗುತ್ತದೆ. ಅದು ನುಂಗಿದ್ದನ್ನೆಲ್ಲ ಹಿಂಡಿ ರಸ ಕೆಳಗಿನ ಪಾತ್ರೆಗೆ ಬೀಳುತ್ತದೆ. ಒಂದು ಮೊಳೆ ಇಲ್ಲ, ಸ್ಕ್ರೂ ಇಲ್ಲ. ಬರೀ ಹೆಣಿಗೆಯ ಲೆಕ್ಕಾಚಾರ.

ಈಗ ಗಮನಿಸಿ, ಏನೂ ದಂಡ ಆಗುವುದಿಲ್ಲ. ಹಿಂಡಿದ ತುರಿಯನ್ನು ಅಗಲದ ಕಾವಲಿಯ ಮೇಲೆ ಹುರಿದರೆ ಫರೀನಾ, ಅಂದರೆ ದಿನವೂ ಊಟಕ್ಕೆ ಉದುರಿಸಿಕೊಳ್ಳುವ ಹಿಟ್ಟು. ರಸ ಸ್ವಲ್ಪ ಹೊತ್ತು ತಳ ಬಿಟ್ಟರೆ ಕೆಳಗೆ ಬೆಳ್ಳಗೆ ಗಂಜಿಹಿಟ್ಟು ಕೂರುತ್ತದೆ. ಇದು ನಮ್ಮ ಸಬ್ಬಕ್ಕಿಯ ಮೂಲರೂಪ. ಮೇಲೆ ನಿಲ್ಲುವ ಹಳದಿ ನೀರೇ ಟುಕುಪಿ. ಅದನ್ನು ಹುಳಿ ಬರಲು ಬಿಟ್ಟು, ಸೊಪ್ಪುಸದೆ ಹಾಕಿ ಚೆನ್ನಾಗಿ ಕುದಿಸುತ್ತಾರೆ. ಸಯನೈಡ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುವಂಥದ್ದು. ಕುದಿಯುವ ಪಾತ್ರೆಯಲ್ಲಿ ಅದು ನಿಲ್ಲುವುದಿಲ್ಲ. ಉಳಿಯುವುದು ಹುಳಿಹುಳಿ ಸಾರು. ಮನಿಸೊಬದ್ದು ಇನ್ನೂ ದೊಡ್ಡ ತಾಳ್ಮೆ. ಅದು ಮರಗೆಣಸಿನ ಎಲೆಯ ಅಡುಗೆ. ಎಲೆಯನ್ನು ಅರೆದು ಸುಮಾರು ಏಳು ದಿನ ಒಲೆಯ ಮೇಲಿಡುತ್ತಾರೆ. ಅಕ್ಟೋಬರ್‌ನ ದೊಡ್ಡ ಜಾತ್ರೆ, ಸಿರಿಯೊ ಡಿ ನಜರೆ, ಹತ್ತಿರ ಬಂತೆಂದರೆ ಬೆಲೆಂನ ಮನೆಮನೆಯಲ್ಲೂ ಈ ಪಾತ್ರೆ ಏರುತ್ತದೆ.

ಮಲೆನಾಡು, ಕೊಡಗು, ಕರಾವಳಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಳಲೆಯಲ್ಲಿರುವುದೂ ಮರಗೆಣಸಿನ ಹಾಗೇ ಸಯನೈಡ್ ಬಿಡುವ ಪದಾರ್ಥ. ತುಳುವರು ಕಣಿಲೆ ಅನ್ನುತ್ತಾರೆ, ಕೊಡವರು ಬೈಂಬಳೆ ಅನ್ನುತ್ತಾರೆ. ಯಾವ ಹೆಸರಲ್ಲಿ ಕರೆದರೂ ತೆಳ್ಳಗೆ ಹೆಚ್ಚಿ ನೀರಲ್ಲಿ ಹಾಕಬೇಕು, ದಿನಾ ನೀರು ಬದಲಿಸಬೇಕು, ಎರಡು ಮೂರು ದಿನ ಕಾಯಬೇಕು. ಮೊದಲ ದಿನದ ನೀರಿನ ವಾಸನೆ ಗೊತ್ತಿದ್ದವರಿಗೇ ಗೊತ್ತು. ಅಮೆಜಾನಿನ ಹೆಂಗಸಿಗೂ ಸಹ್ಯಾದ್ರಿಯ ಹೆಂಗಸಿಗೂ ಎಲ್ಲಿಂದೆಲ್ಲಿಯ ನಂಟು? ಇಬ್ಬರೂ ರಸಾಯನಶಾಸ್ತ್ರದ ಪುಸ್ತಕ ಇಲ್ಲದೆಯೇ ಒಂದೇ ವಿಷಕ್ಕೆ ಮದ್ದು ಕಂಡುಕೊಂಡರು. ನೀರು, ಬೆಂಕಿ, ಕಾಯುವ ತಾಳ್ಮೆ.

ಈ ವಿದ್ಯೆ ಇಲ್ಲದೆ ಗೆಡ್ಡೆ ಮಾತ್ರ ಊರು ಬಿಟ್ಟು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಆಫ್ರಿಕಾ ಸಾಕ್ಷಿ. ಪೋರ್ಚುಗೀಸರು ಮರಗೆಣಸನ್ನು ಅಲ್ಲಿಗೆ ಒಯ್ದರು. ಅದು ಅಲ್ಲಿ ಕೋಟ್ಯಂತರ ಜನರ ಹೊಟ್ಟೆ ತುಂಬಿಸಿತು, ನಿಜ. ಅಲ್ಲಿನವರೂ ನೆನೆಸುವ, ಹುದುಗಿಸುವ ತಮ್ಮದೇ ದಾರಿ ಕಂಡುಕೊಂಡರು. ಆದರೆ ಬರ, ಯುದ್ಧ ಬಂದು ಹಸಿವು ಹೆಚ್ಚಾದಾಗ ಜನ ಕಾಯುವ ದಿನಗಳನ್ನು ಕಡಿಮೆ ಮಾಡಿದರು. ಆಗ ಕಾಣಿಸಿಕೊಂಡದ್ದು ಕೊಂಜೊ ಎಂಬ ಕಾಯಿಲೆ. ಕಾಲು ಸೆಟೆದುಕೊಂಡು ನಡೆಯಲಾಗದ ಸ್ಥಿತಿ, ಒಮ್ಮೆ ಬಂದರೆ ಹೋಗುವುದಿಲ್ಲ. 1981ರಲ್ಲಿ ಮೊಜಾಂಬಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನ ಹೀಗೆ ನೆಲ ಹಿಡಿದರು, ಅವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ.

ಹಾಗಾದರೆ ಟೆಂಡರ್ ಬರೆದವರು ಹೆದರಿದ್ದು ತಪ್ಪೇ? ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಅಸಾಯಿಯನ್ನೇ ತಗೊಳ್ಳಿ. ಅಡಿಕೆ ಮರದಂಥ ತೆಳ್ಳನೆಯ ಮರ, ಗೊಂಚಲಲ್ಲಿ ನೇರಳೆ ಬಣ್ಣದ ಪುಟ್ಟ ಹಣ್ಣು. ನಮ್ಮ ಕೊನೆಗಾರರ ಹಾಗೇ ಕಾಲಿಗೆ ತಳೆ ಹಾಕಿಕೊಂಡು ಹತ್ತಿ ಇಳಿಸುತ್ತಾರೆ. ಗೊಂಚಲಿನ ಜೊತೆ ಒಂದು ಜಾತಿಯ ರಕ್ತ ಹೀರುವ ತಿಗಣೆಯೂ ಬಂದು ಹಣ್ಣಿನ ಜೊತೆ ಅರೆದುಹೋದರೆ, ಕುಡಿದವರಿಗೆ ಶಾಗಸ್ ಎಂಬ ಕಾಯಿಲೆ ಬರಬಹುದು. ಹೃದಯಕ್ಕೇ ಪೆಟ್ಟು ಕೊಡುವ ಕಾಯಿಲೆ. ಹೀಗೆ ಹಬ್ಬಿದ ಪ್ರಕರಣಗಳು ಪಾರಾ ರಾಜ್ಯದಲ್ಲೇ ಆಗಿವೆ. ಆದರೆ ಅದಕ್ಕೆ ಅಲ್ಲಿಯೇ ದಾರಿಯೂ ಆಗಿದೆ. ಹಣ್ಣನ್ನು ಚೆನ್ನಾಗಿ ತೊಳೆದು, 80 ಡಿಗ್ರಿ ಬಿಸಿನೀರಲ್ಲಿ 10 ಸೆಕೆಂಡ್ ಅದ್ದಿ ತೆಗೆದು ಆಮೇಲೆ ಅರೆಯಬೇಕು ಅಂತ 2012ರಲ್ಲೇ ರಾಜ್ಯ ಸರ್ಕಾರ ನಿಯಮ ಮಾಡಿತು. ಓಣಿಯ ಅಸಾಯಿ ಅಂಗಡಿಯವರು ತರಬೇತಿ ಪಡೆದು ಅದನ್ನು ಮಾಡುತ್ತಾರೆ.

ಅಂದರೆ ಟೆಂಡರ್‌ನಲ್ಲಿ 'ಈ ಕ್ರಮದಲ್ಲಿ ಮಾಡಿದ ಅಸಾಯಿ ಬಡಿಸಿ, ಸರಿಯಾಗಿ ಕುದಿಸಿದ ಟುಕುಪಿ ಬಡಿಸಿ' ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಅವರು ಕ್ರಮವನ್ನು ಕೇಳಲಿಲ್ಲ, ಹೆಸರಿಗೇ ಗೀಟು ಹಾಕಿದರು. ತಮಾಷೆ ಅಂದರೆ, ಅದೇ ಟೆಂಡರ್ ಕನಿಷ್ಠ ಶೇ 30ರಷ್ಟು ಪದಾರ್ಥ ಸಣ್ಣ ರೈತರಿಂದ, ಕಾಡಿನ ಸಮುದಾಯಗಳಿಂದ ಬರಬೇಕು ಅಂತಲೂ ಹೇಳಿತ್ತು. ಗೆಡ್ಡೆ ನೀವು ಕೊಡಿ, ಅಡುಗೆ ನಾವು ನೋಡಿಕೊಳ್ಳುತ್ತೇವೆ ಅನ್ನುವ ಧಾಟಿ.

ಪ್ರವಾಸೋದ್ಯಮದ ಧಾಟಿಯೂ ಬಹುಮಟ್ಟಿಗೆ ಇದೇ.

ಬೆಲೆಂನಲ್ಲಿ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬೀದಿ ಮೂಲೆಗಳಲ್ಲಿ ಹೆಂಗಸರು ಟಕಕಾ ಮಾರುತ್ತಾರೆ. ಮರದ ಕಾಯಿಯ ಚಿಪ್ಪಿನಿಂದ ಮಾಡಿದ ಕಪ್ಪು ಬಟ್ಟಲು. ಅದರಲ್ಲಿ ಬಿಸಿ ಟುಕುಪಿ, ಅಂಟಂಟು ಗಂಜಿಹಿಟ್ಟು, ಒಣಸಿಗಡಿ, ಜಂಬು ಸೊಪ್ಪು. ಜಂಬು ಬಾಯಿಗಿಟ್ಟರೆ ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಹಲ್ಲುನೋವಿಗೆ ಜಗಿಯುವ ಸೊಪ್ಪು ಅದು. ಹೊರಗಿನಿಂದ ಹೋದವರು ವಿಡಿಯೊ ಮಾಡುವುದು ಈ ಜುಮ್ಮೆನ್ನುವ ಗಳಿಗೆಯನ್ನೇ. ತುಟಿ ಮುಟ್ಟಿಕೊಂಡು ಕಣ್ಣರಳಿಸುವುದು, ಅಷ್ಟು. ಬಟ್ಟಲಿನ ಹಿಂದೆ ಇರುವ ತುರಿಯುವುದು, ಹಿಂಡುವುದು, ಹುಳಿ ಬರಿಸುವುದು ಯಾವುದೂ ಚೌಕಟ್ಟಿನೊಳಗೆ ಬರುವುದಿಲ್ಲ.

ಎಕ್ವಡಾರ್‌ನ ಕಾಡಿನ ಪ್ರವಾಸದಲ್ಲಿ ಇಂಥದ್ದೇ ಇನ್ನೊಂದು ಆಟ ಇದೆ. ಚೊಂಟಕುರೊ ಎಂಬ ದಪ್ಪನೆಯ ಹುಳ, ಜೀವಂತ ಬಾಯಿಗೆ ಹಾಕಿಕೊಂಡು ಧೈರ್ಯ ತೋರಿಸುವುದು. ತೆಂಗಿನ ತೋಟ ಇದ್ದವರಿಗೆ ಇದರ ನೆಂಟ ಗೊತ್ತಿರುತ್ತದೆ, ಕೆಂಪು ಮೂತಿ ಹುಳು. ನಮಗೆ ಶತ್ರು, ಅವರಿಗೆ ಊಟ. ಅದನ್ನು ಕಾಡಲ್ಲಿ ಸುಮ್ನೆ ಹೆಕ್ಕಿ ತರುವುದಲ್ಲ. ತಾಳೆಜಾತಿಯ ಮರವೊಂದನ್ನು ಕಡಿದು ಬಿಡುತ್ತಾರೆ. ದುಂಬಿ ಬಂದು ಮೊಟ್ಟೆ ಇಡುತ್ತದೆ. ವಾರಗಳ ಲೆಕ್ಕ ಇಟ್ಟುಕೊಂಡು ಹೋಗಿ ಕಾಂಡ ಸೀಳಿ ಹುಳ ತೆಗೆಯುತ್ತಾರೆ, ಎಲೆಯಲ್ಲಿ ಸುತ್ತಿ ಸುಡುತ್ತಾರೆ. ಇದು ಒಂದು ಬಗೆಯ ಬೇಸಾಯವೇ. ಪ್ರವಾಸಿಗೆ ಸಿಗುವುದು ಮಾತ್ರ ಸಾಹಸ ಮಾಡಿದೆ ಅನ್ನುವ ಒಂದು ನಿಮಿಷದ ತುಣುಕು.

ರುಚಿ ಒಂಟಿಯಾಗಿ ಕಾಡು ಬಿಟ್ಟು ಹೊರಟರೆ ಇನ್ನೂ ಏನೇನೋ ಆಗುತ್ತದೆ. ಅಸಾಯಿಯನ್ನು ಊರವರು ಸಕ್ಕರೆ ಹಾಕದೆ, ಹುರಿದ ಮೀನು, ಫರೀನಾ ಜೊತೆ ಊಟದಂತೆ ತಿನ್ನುತ್ತಾರೆ. ಹೊರಗೆ ಅದು ಬಾಳೆಹಣ್ಣು, ಗ್ರಾನೋಲ ಹಾಕಿದ ಸಿಹಿ ಬಟ್ಟಲು. ಬೇಡಿಕೆ ಏರಿದ ಹಾಗೆ ನದಿ ಬಯಲಿನಲ್ಲಿ ಬೇರೆ ಮರ ತೆಗೆದು ಅಸಾಯಿಯೊಂದನ್ನೇ ಬೆಳೆಸುತ್ತಿದ್ದಾರೆ. ಹಾಗೆ ಮಾಡಿದ ಕಡೆ ಮರಗಳ ಬಗೆ ಕಡಿಮೆಯಾಗಿದೆ ಅಂತ ಸಂಶೋಧಕರು ತೋರಿಸಿದ್ದಾರೆ. ಗುಡ್ಡ ಸವರಿ ಅಡಿಕೆಯೊಂದನ್ನೇ ಇಟ್ಟವರ ನಾಡಿನವರು ನಾವು, ಇದರ ಬಗ್ಗೆ ಜಾಸ್ತಿ ಹೇಳುವ ಹಾಗಿಲ್ಲ. ಇನ್ನು ಕುಪುವಸು ಎಂಬ ಕಾಡುಹಣ್ಣಿನ ಹೆಸರನ್ನೇ ಜಪಾನಿನ ಕಂಪನಿಯೊಂದು ಟ್ರೇಡ್‌ಮಾರ್ಕ್ ಮಾಡಿಕೊಂಡಿತ್ತು. ಬ್ರೆಜಿಲ್‌ನವರು ಹೋರಾಡಿ 2004ರಲ್ಲಿ ಅದನ್ನು ರದ್ದು ಮಾಡಿಸಿದರು. ಹಲಸಿನಹಣ್ಣು ಅನ್ನುವ ಪದ ಯಾರದೋ ಆಸ್ತಿ ಅಂದರೆ ಹೇಗಿರುತ್ತದೆ ಯೋಚಿಸಿ.

ಈಗ ಇನ್ನೊಂದು ವಿಷಕ್ಕೆ ಬರುತ್ತೇನೆ. ಬೆಲೆಂ ಇರುವ ಅದೇ ಪಾರಾ ರಾಜ್ಯದಲ್ಲಿ ಟಪಜೋಸ್ ನದಿ ಹರಿಯುತ್ತದೆ. ಅಲ್ಲಿ ಮುಂಡುರುಕು ಜನ ಇದ್ದಾರೆ, ಮೀನೇ ಅವರ ಮುಖ್ಯ ಊಟ. ಅಕ್ರಮ ಚಿನ್ನದ ಗಣಿಯವರು ಮಣ್ಣಿನಿಂದ ಚಿನ್ನ ಹಿಡಿಯಲು ಪಾದರಸ ಬಳಸುತ್ತಾರೆ. ಪಾದರಸ ನದಿಗೆ ಸೇರುತ್ತದೆ, ಸಣ್ಣ ಮೀನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿಂದ ಮನುಷ್ಯನಿಗೆ ಏರುತ್ತದೆ. ಬ್ರೆಜಿಲ್‌ನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಫಿಯೊಕ್ರೂಸ್, ವನ್ಯಜೀವಿ ಸಂರಕ್ಷಣೆಯ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್ ಜೊತೆ ಸೇರಿ ಅಲ್ಲಿನ 200 ಜನರ ತಲೆಕೂದಲು ಪರೀಕ್ಷಿಸಿತು. ವರದಿ ಬಂದದ್ದು 2020ರಲ್ಲಿ. ಪಾದರಸ ಇಲ್ಲದವರು ಒಬ್ಬರೂ ಸಿಗಲಿಲ್ಲ. ಹತ್ತರಲ್ಲಿ ಸುಮಾರು ಆರು ಜನರಲ್ಲಿ ಅದು ಸುರಕ್ಷಿತ ಮಟ್ಟಕ್ಕಿಂತ ಮೇಲಿತ್ತು.

ಮೀನಿನಲ್ಲಿ ಸೇರಿದ ಪಾದರಸ ತೊಳೆದರೆ ಹೋಗುವುದಿಲ್ಲ. ಕುದಿಸಿದರೂ, ಸುಟ್ಟರೂ, ಹುಳಿ ಬರಿಸಿದರೂ ಹೋಗುವುದಿಲ್ಲ. ಏಳು ದಿನ ಒಲೆಯ ಮೇಲಿಟ್ಟರೂ ಅಷ್ಟೇ. ಸಾವಿರಾರು ವರ್ಷ ಸಯನೈಡಿನ ಜೊತೆ ಸಂಸಾರ ಮಾಡಿದ ಅಡುಗೆಮನೆಗೆ ಈ ವಿಷ ಹೊಸದು, ಹೊರಗಿನಿಂದ ಬಂದದ್ದು, ಮದ್ದಿಲ್ಲದ್ದು. ಕಾಡಿನ ಊಟದ ಸುರಕ್ಷತೆಯ ಬಗ್ಗೆ ಚಿಂತೆ ಮಾಡುವವರು ಟುಕುಪಿಯಿಂದ ಶುರು ಮಾಡಿದ್ದು ನನಗೆ ಅದಕ್ಕೇ ವಿಚಿತ್ರ ಅನ್ನಿಸಿತು. ಪ್ರವಾಸಿ ಒಂದು ಹೊತ್ತು ಮೀನು ತಿಂದು ವಿಮಾನ ಹತ್ತುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಬಡಿಸಿದವಳು ದಿನಾ ಅದನ್ನೇ ತಿನ್ನಬೇಕು, ಅಲ್ವಾ?

ಹಾಗಂತ ಇಂಥ ಪ್ರವಾಸವೇ ಬೇಡ ಅನ್ನುವ ಪೈಕಿ ನಾನಲ್ಲ. ಯಜಮಾನಿಕೆ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬ್ರೆಜಿಲ್‌ನಲ್ಲಿ 2015ರಲ್ಲಿ ಮೂಲನಿವಾಸಿಗಳ ಇಲಾಖೆ ಒಂದು ನಿಯಮ ತಂದಿತು. ಅವರ ನೆಲದಲ್ಲಿ ಪ್ರವಾಸ ನಡೆಸಬೇಕಾದರೆ ಆ ಸಮುದಾಯವೇ ಯೋಜನೆ ಮುಂದಿಡಬೇಕು. ಎಷ್ಟು ಜನ ಬರಬೇಕು, ಎಲ್ಲಿಯವರೆಗೆ ಬರಬೇಕು, ದುಡ್ಡು ಹೇಗೆ ಹಂಚಿಕೆ ಅಂತ ಅದರಲ್ಲೇ ಇರಬೇಕು. ಎಕ್ವಡಾರ್‌ನ ನಾಪೊ ಪ್ರಾಂತ್ಯದಲ್ಲಿ ಕಿಚುವಾ ಹೆಂಗಸರೇ ನಡೆಸುವ ಸಿಂಚಿ ವಾರ್ಮಿ ಎಂಬ ತಂಗುದಾಣ ಇದೆ. ಹೆಸರಿನ ಅರ್ಥ ಗಟ್ಟಿಗಿತ್ತಿಯರು ಅಂತ. ಕಿಚುವಾ ಹೆಂಗಸರು ನೋಡಿಕೊಳ್ಳುವ ತೋಟಕ್ಕೆ ಚಾಕ್ರ ಅಂತ ಹೆಸರು. ಮರಗೆಣಸು, ಬಾಳೆ, ಕೋಕೊ, ಮದ್ದಿನ ಗಿಡ, ಎತ್ತರದ ಮರ ಎಲ್ಲ ಒಟ್ಟಿಗೆ ಬೆಳೆಯುವ ಆ ತೋಟದ ಪದ್ಧತಿಗೆ 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪಾರಂಪರಿಕ ಕೃಷಿಯ ಮಾನ್ಯತೆ ಕೊಟ್ಟಿತು. ಮೀನನ್ನು ಅಗಲದ ಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಡುವ ಮೈಟೊ ಆ ಭಾಗದ ಹೆಸರುವಾಸಿ ಅಡುಗೆ. ಆದರೆ ಎಲೆಯೂ ಮೀನೂ ಬರುವುದು ತೋಟ, ಹೊಳೆಯಿಂದ. ಅದೇ ನಾಪೊದ ಹೊಳೆಗಳಿಗೂ ಚಿನ್ನದವರು ಇಳಿದಿದ್ದಾರೆ. 2022ರ ಫೆಬ್ರವರಿಯಲ್ಲಿ ಯುಟ್ಸುಪಿನೊ ಎಂಬಲ್ಲಿ ಪೊಲೀಸರು, ಸೈನಿಕರು ದಾಳಿ ಮಾಡಿದಾಗ ಸಿಕ್ಕ ಅಗೆಯುವ ಯಂತ್ರಗಳು ನೂರಕ್ಕೂ ಮೇಲೆ.

ಬ್ರೆಜಿಲ್‌ನ ರಿಯೊ ನೆಗ್ರೊ ಕಡೆಯ ಹೆಂಗಸರ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಅವರು ನೂರಕ್ಕೂ ಹೆಚ್ಚು ಬಗೆಯ ಮರಗೆಣಸು ಉಳಿಸಿಕೊಂಡಿದ್ದಾರೆ. ಮದುವೆಯಾದ ಹುಡುಗಿಗೆ ತವರಿನಿಂದ ತಾಯಿ ಗೆಣಸಿನ ಕಡ್ಡಿ ಕೊಡುತ್ತಾಳೆ, ಇತ್ತ ಅತ್ತೆಯೂ ಕೊಡುತ್ತಾಳೆ. ಯಾವ ತಳಿ ಯಾರ ಮನೆಯಿಂದ ಬಂತು ಅಂತ ನೆನಪಿಡುತ್ತಾರೆ. ಮಡಿಲಕ್ಕಿ ಬದಲು ಮಡಿಲ ಕಡ್ಡಿ ಅನ್ನಿ. 2010ರಲ್ಲಿ ಬ್ರೆಜಿಲ್ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆ ಅಂತ ದಾಖಲಿಸಿತು. ದಾಖಲಾದದ್ದು ಒಂದು ತಿನಿಸಿನ ಹೆಸರಲ್ಲ, ಇಡೀ ಬೇಸಾಯದ ಪದ್ಧತಿ. ಟೆಂಡರ್ ಬರೆಯುವವರಿಗೂ ಹೋಟೆಲ್ ಮೆನು ಬರೆಯುವವರಿಗೂ ಇಂಥ ಕಣ್ಣು ಬೇಕಿತ್ತು.

ನಮ್ಮ ಕಡೆಯ ಲೆಕ್ಕ ತೆಗೆದರೆ ಅದೂ ಅಷ್ಟೇನೂ ಚೆನ್ನಾಗಿಲ್ಲ. ಜೋಯಿಡಾದಲ್ಲಿ ವರ್ಷಕ್ಕೊಮ್ಮೆ ಗೆಡ್ಡೆಗೆಣಸು ಮೇಳ ಆಗುತ್ತದೆ. ಕುಣಬಿ ಹೆಂಗಸರು ತಂದು ಜೋಡಿಸುವ ಗೆಡ್ಡೆಗಳ ಗಾತ್ರ, ಆಕಾರ ನೋಡಿದರೆ ಪೇಟೆಯವರು ಬಾಯಿ ಬಿಡುತ್ತಾರೆ. ಗೋವಾದಲ್ಲಿ ಕುಣಬಿಗಳು ಪರಿಶಿಷ್ಟ ಪಂಗಡ. ಗಡಿ ದಾಟಿ ನಮ್ಮ ಕಡೆ ಬಂದರೆ ಆ ಮಾನ್ಯತೆ ಇಲ್ಲ, ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅರಣ್ಯ ಹಕ್ಕು ಕಾಯ್ದೆ 2006ರ ಪ್ರಕಾರ ಬಿದಿರು, ಜೇನು, ಗೆಡ್ಡೆ, ಬೇರು ಎಲ್ಲ ಕಿರು ಅರಣ್ಯ ಉತ್ಪನ್ನ, ಅವುಗಳ ಮೇಲೆ ಕಾಡಿನ ಜನರಿಗೆ ಹಕ್ಕಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಹಕ್ಕು ಪಡೆದು ದೇಶಕ್ಕೇ ದಾರಿ ತೋರಿಸಿದರು. ಎಲ್ಲ ಕಡೆ ಹಾಗಾಗಿಲ್ಲ. ಕಾಡಿನವರು ಕಳಲೆ ಮುರಿದರೆ ತಪ್ಪು, ಅದೇ ಕಳಲೆ ರೆಸಾರ್ಟಿನ ತಟ್ಟೆಗೆ ಬಂದರೆ ವಿಶೇಷ. ಅದೂ ಮಳೆಗಾಲದ ಪದಾರ್ಥ ಜನವರಿಯಲ್ಲೂ ಬಿಸಿಬಿಸಿ ಸಿಗುತ್ತದೆ. ಎಲ್ಲಿಂದ ಬಂತು, ಯಾರು ನೆನೆಹಾಕಿದರು ಅಂತ ಕೇಳಿ ನೋಡಿ. ಬಡಿಸುವ ಹುಡುಗ ಪಾಪ, ಒಳಗೆ ಕೇಳಿ ಬರುತ್ತೇನೆ ಅಂತ ಹೋದವನು ಬಿಲ್ಲು ಹಿಡಿದೇ ಬರುತ್ತಾನೆ.

ಕಳೆದ ಮಳೆಗಾಲ ಘಟ್ಟದ ರಸ್ತೆ ಬದಿಯಲ್ಲಿ ಒಬ್ಬರು ವಯಸ್ಸಾದ ಅಮ್ಮ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೆಚ್ಚಿದ ಕಳಲೆ ಇಟ್ಟುಕೊಂಡು ಕೂತಿದ್ದರು. ಮೇಲೆ ಕೆಸುವಿನ ಎಲೆ ಮುಚ್ಚಿದ್ದರು. ಅರ್ಧ ಕೆಜಿ ಕೊಡಿ ಅಂದೆ.

"ಯಾವಾಗ ಮಾಡ್ತೀರಿ?" ಅಂದರು.

"ರಾತ್ರಿ ಮನೆ ಮುಟ್ಟಿದ ಕೂಡಲೇ."

"ಇವತ್ತು ಬೇಡ ಮಾರಾಯ್ರೆ. ಎರಡು ನೀರು ಆಗಿದೆ ಅಷ್ಟೆ. ಇವತ್ತು ರಾತ್ರಿ ಒಂದು ನೀರು ಚೆಲ್ಲಿ, ಹೊಸ ನೀರು ಹಾಕಿಡಿ. ನಾಳೆ ಮೂಸಿ ನೋಡಿ. ವಾಸನೆ ಹೋಗಿದ್ರೆ ಮಾಡಿ, ಇಲ್ಲದಿದ್ರೆ ಇನ್ನೊಂದು ನೀರು."

ನೀರು ಬಸಿದು ಕವರಿಗೆ ತುಂಬಿದರು. ಕಾರಿನ ಹತ್ತಿರ ಬಂದ ಮೇಲೂ ಹಿಂದಿನಿಂದ ಕೂಗಿ, ಬೇಯಿಸುವಾಗ ಮೊದಲ ಕುದಿಯ ನೀರನ್ನೂ ಚೆಲ್ಲಬೇಕು ಅಂತ ನೆನಪಿಸಿದರು. ಎಷ್ಟಾಯಿತು ಅಂತ ಆಗಲೇ ಕೇಳಿದ್ದೆ. ಕಳಲೆಗೆ ಮಾತ್ರ ಲೆಕ್ಕ ಹೇಳಿದ್ದರು.